ಬಸ್ಸು ಯಾಕೆ ನಿಂತಿತ್ತೆಂದು ಯಾರೂ ಕೇಳಲಿಲ್ಲ

‘ಗೋಲ್ಡನ್ ಗುಜರಿ.’

ಇದು ಪ್ರಶಸ್ತಿಯ ಹೆಸರು. ಬಿಸ್ಕತ್ತಿನ ಹಳೆಯ ಡಬ್ಬಿಯೊಂದಕ್ಕೆ ಚಿನ್ನದ ಬಣ್ಣದ ಸ್ಪ್ರೇ ಹೊಡೆದು, ಮೇಲೊಂದು ಸ್ಟಿಕ್ಕರ್ ಅಂಟಿಸಿದ್ದರು. ಮೊನ್ನೆ ಭಾನುವಾರ ಬೆಳಗ್ಗೆ ಮೂಡುಬಿದಿರೆಯ ಒಂದು ಹಾಲ್‌ನಲ್ಲಿ, ಇಸ್ತ್ರಿ ಹಾಕಿದ ಬಿಳಿ ಶರ್ಟು ತೊಟ್ಟು ಬಂದಿದ್ದ ಅರವತ್ತು ದಾಟಿದ ಮನುಷ್ಯರೊಬ್ಬರ ಕೈಗೆ ಅದನ್ನು ಕೊಟ್ಟರು. ಅವರು ಎರಡೂ ಕೈ ಚಾಚಿ ತೆಗೆದುಕೊಂಡರು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು.

ಅವರನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನು.

ಆದ್ದರಿಂದ ಈ ವಾರ ನನ್ನಿಂದ ತಮಾಷೆ ನಿರೀಕ್ಷಿಸಬೇಡಿ. ನನಗೆ ಸಿಟ್ಟು ಬಂದಿದೆ. ಅರ್ಧ ಬೇರೆಯವರ ಮೇಲೆ, ಅರ್ಧ ನನ್ನ ಮೇಲೆ. ಯಾವ ಅರ್ಧ ದೊಡ್ಡದು ಎಂದು ಇನ್ನೂ ತೀರ್ಮಾನವಾಗಿಲ್ಲ.

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನನ್ನ ಹುಚ್ಚು ಗೊತ್ತು. ಹಗಲಿಡೀ ಬಿ.ಸಿ.ರೋಡಿನ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳುವುದು, ಉಳಿದ ಹೊತ್ತಿನಲ್ಲಿ ಯಾರೂ ನೋಡದ ವಿಚಿತ್ರ ಕಾಮಿಡಿಗಳನ್ನು ಹುಡುಕುವುದು. ತಲೆಬುಡವಿಲ್ಲದ ಮ್ಯೂಸಿಕ್ ವಿಡಿಯೋ, ಥಿಯೇಟರಿನಲ್ಲಿ ಮೂರೇ ದಿನ ಓಡಿ ಆಮೇಲೆ ಸಿ.ಡಿ.ಗಳಲ್ಲಿ ಬದುಕಿದ ಸಿನಿಮಾ, ಇಂಥವೇ ನನಗೆ ಬೇಕು. (ಪಾಪ, ಬಾಯಿ ತೆರೆದು ಮಲಗಿದ ಪೇಷೆಂಟುಗಳಿಗೆ ನಾನು ಕಥೆ ಹೇಳುತ್ತೇನೆ. ಅವರಿಗೆ ಬೇಡ ಎನ್ನಲಿಕ್ಕೂ ಆಗುವುದಿಲ್ಲ.)

ಈ ಹುಚ್ಚಿನ ಮೂಲ ಒಂದು ಸಿ.ಡಿ. ಹೆಸರು ‘ಸೀಟುಂಟು’. ಸುಮಾರು ಇಪ್ಪತ್ತು ವರ್ಷದ ಹಿಂದೆ, ನಾನಿನ್ನೂ ಡೆಂಟಲ್ ಕಾಲೇಜಿನಲ್ಲಿದ್ದಾಗ, ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನ ಸಿ.ಡಿ. ಅಂಗಡಿಯಲ್ಲಿ ಸಿಕ್ಕಿತು. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಕಂಡಕ್ಟರು ‘ಸೀಟುಂಟು, ಸೀಟುಂಟು’ ಎಂದು ಕೂಗುವುದನ್ನು ನೀವು ಕೇಳಿಯೇ ಇರುತ್ತೀರಿ. ಸಿನಿಮಾದ ಕಥೆ ಇಷ್ಟು: ಬಡಪಾಯಿಯೊಬ್ಬನಿಗೆ ಜೀವಮಾನದಲ್ಲಿ ಮೊದಲ ಸಲ ಬಸ್ಸಿನಲ್ಲಿ ಕೂರಲು ಸೀಟು ಸಿಗುತ್ತದೆ. ಎದ್ದರೆ ಬೇರೆ ಯಾರಾದರೂ ಕೂರುತ್ತಾರೆಂದು ಅವನು ಮತ್ತೆ ಏಳುವುದೇ ಇಲ್ಲ. ಅವನಿಗೆ ಹೆಣ್ಣು ನೋಡುವುದು ಬಸ್ಸಿನೊಳಗೆ. ಮದುವೆ ಬಸ್ಸಿನೊಳಗೆ. ಮಗುವಿಗೆ ಹೆಸರಿಡುವುದೂ ಬಸ್ಸಿನೊಳಗೆ. ಮಾತು ಅರ್ಧ ತುಳು, ಕಾಲು ನಮ್ಮ ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆ, ಕಾಲು ಶಾಲೆಯ ಪಾಠದಂಥ ಕನ್ನಡ.

ನಾನು ಮತ್ತು ನನ್ನ ಗೆಳತಿಯರು ಅದನ್ನು ನೋಡಿ ನಕ್ಕದ್ದು ಕಥೆಗಲ್ಲ. ತಪ್ಪುಗಳಿಗೆ.

ಎಂಥ ತಪ್ಪುಗಳು ಅಂತೀರಿ! ಬಸ್ಸು ಒಂದಿಂಚು ಅಲ್ಲಾಡುವುದಿಲ್ಲ. ಕಿಟಕಿಯ ಹೊರಗೆ ಯಾರೋ ಮರದ ಕೊಂಬೆ ಹಿಡಿದು ಓಡುತ್ತಾರೆ, ಅವರ ಕೆಂಪು ಶರ್ಟಿನ ಮೊಣಕೈ ಸ್ಪಷ್ಟವಾಗಿ ಕಾಣುತ್ತದೆ. ಹೊರಗೆ ಮಲಗಿದ ಒಂದೇ ದನ ಎಂಟು ಸಲ ಬರುತ್ತದೆ. ಕೊನೆಯ ದೃಶ್ಯದಲ್ಲಿ ಆ ದನ ಮಾಯ. ಇನ್ನು ಹೆಣ್ಣು ನೋಡುವ ಹಾಡು. ಅದು ನಾಲ್ಕು ನಿಮಿಷ ಉಂಟು. ನಾಲ್ಕೂ ನಿಮಿಷ ಹುಡುಗಿಯ ಮುಖವೇ, ಆದರೆ ಬಾಯಿ ಮುಚ್ಚಿದೆ. ಹಾಡುತ್ತಿರುವುದು ಗಂಡಸಿನ ಗೊಗ್ಗರು ದನಿ. ಈ ಹಾಡನ್ನು ನಾನು ಎಷ್ಟು ಪಾರ್ಟಿಗಳಲ್ಲಿ ಹಾಕಿದ್ದೇನೋ ಲೆಕ್ಕವಿಲ್ಲ. ‘ಲಿಪ್ ಸಿಂಕ್ ನೋಡಿ ಮಾರಾಯ್ರೆ’ ಎಂದು ಹೇಳಿ ಹಾಕುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಇದೇ ಜಾಗದಲ್ಲಿ ಅದರ ಬಗ್ಗೆ ಬರೆದೆ. ‘ತನಗೇ ಗೊತ್ತಿಲ್ಲದೆ ಹುಟ್ಟಿದ ಮಾಸ್ಟರ್‌ಪೀಸ್’ ಎಂದು ಕರೆದೆ. ಓದುಗರು ತುಂಬ ಮೆಚ್ಚಿದರು. ನಾನೂ ನನ್ನನ್ನು ಮೆಚ್ಚಿಕೊಂಡೆ.

ಆಮೇಲೊಂದು ದಿನ ನಬೀಸಾ ಎಂಬ ಹೆಂಗಸು ರೂಟ್ ಕೆನಾಲ್ ಮಾಡಿಸಲು ಬಂದರು. ಊರು ವಾಮದಪದವು. ಜೊತೆಗೆ ಗಂಡ. ಹೊರಗಿನ ಬೆಂಚಿನಲ್ಲಿ, ಮಡಿಲಲ್ಲಿ ಕೊಡೆ ಇಟ್ಟುಕೊಂಡು, ನೇರ ಕೂತಿದ್ದರು. ತೆರೆದ ಬಾಗಿಲಿನಿಂದ ಆ ಕೂತ ಭಂಗಿ ನೋಡಿದ ಕೂಡಲೇ ನಾನು ಕಿರುಚಿದೆ. ಸೀಟು ಬಿಡದ ಮನುಷ್ಯ! (ಕೈಯಲ್ಲಿ ಡ್ರಿಲ್ ಇತ್ತು. ನಬೀಸಕ್ಕ ಹೆದರಿದ್ದರಲ್ಲಿ ತಪ್ಪಿಲ್ಲ.)

ಅವರೇ ಖಾದರಾಕ. ಗಲ್ಫಿನಲ್ಲಿ ಹನ್ನೆರಡು ವರ್ಷ ಇದ್ದು, ಬರುವಾಗ ಒಂದು ವಿಡಿಯೋ ಕ್ಯಾಮೆರಾ ತಂದವರು. ಅದರಲ್ಲಿ ತಾನೇ ಕಥೆ ಬರೆದು, ತಾನೇ ಹೀರೋ ಆಗಿ ಒಂದು ಸಿನಿಮಾ ಮಾಡಿದರು. ಆಮೇಲೆ ವಾಮದಪದವಿನಲ್ಲಿ ಚಪ್ಪಲಿ ಅಂಗಡಿ ಇಟ್ಟು ಸುಮ್ಮನಾದರು. ನಾನು ಸೆಲ್ಫಿ ತೆಗೆದುಕೊಂಡೆ. ಡೈಲಾಗ್ ಹೇಳಿಸಿದೆ. ಮನೆಗೆ ಹೋಗಿ ಚಹಾ ಕುಡಿದೆ. ಮೂರು ವರ್ಷದ ಪರಿಚಯದಲ್ಲಿ ಅವರ ಸಿನಿಮಾದ ಬಗ್ಗೆ ಅವರಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಯಾಕೆ ಕೇಳಬೇಕು? ನನಗೆ ಎಲ್ಲ ಗೊತ್ತಿತ್ತಲ್ಲ.

ಕಳೆದ ತಿಂಗಳು ಪ್ರತೀಕ್ ಎಂಬ ಯುವಕನ ಫೋನ್ ಬಂತು. ಮೂಡುಬಿದಿರೆಯಲ್ಲಿ ಅವನದ್ದೊಂದು ಫಿಲ್ಮ್ ಕ್ಲಬ್.

“ಮೇಡಂ, ನಿಮ್ಮ ಹಳೇ ಕಾಲಂ ಓದಿದೆವು. ‘ಸೀಟುಂಟು’ ನಮಗೆಲ್ಲ ಬಾಯಿಪಾಠ. ಆ ಡೈರೆಕ್ಟರಿಗೆ ಒಂದು ಸನ್ಮಾನ ಮಾಡುವ ಅಂತ ಉಂಟು. ಕರ್ಕೊಂಡು ಬರ್ತೀರಾ?”

ಸನ್ಮಾನ! ನನ್ನ ಕಣ್ಣಲ್ಲಿ ನೀರು ಬಂತು, ನಂಬಿ. ಖಾದರಾಕ ಮಾತ್ರ ಒಪ್ಪಲಿಲ್ಲ.

“ನನಗೆ ಸ್ಟೇಜಿನಲ್ಲಿ ಮಾತಾಡ್ಲಿಕ್ಕೆ ಬರುವುದಿಲ್ಲ ಡಾಕ್ಟ್ರೆ,” ಎಂದರು. (ನಮ್ಮ ಮಾತೆಲ್ಲ ನಡೆಯುವುದು ತುಳುವಿನಲ್ಲಿ. ನಾನು ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ.)

“ಮಾತಾಡುವುದು ಏನೂ ಇಲ್ಲ ಖಾದರಾಕ. ನಿಮ್ಮ ಸಿನಿಮಾ ಇಷ್ಟಪಟ್ಟವರು ಕರೀತಾ ಇದ್ದಾರೆ. ನಾನೇ ಬಂದು ಕರ್ಕೊಂಡು ಹೋಗ್ತೇನೆ.”

ಒಂದು ವಾರ ಯೋಚಿಸಿ ಹ್ಞೂಂ ಎಂದರು. ಭಾನುವಾರ ಬೆಳಗ್ಗೆ ನಾನು ಕಾರು ತೆಗೆದುಕೊಂಡು ವಾಮದಪದವಿಗೆ ಹೋದಾಗ ಗಂಡ ಹೆಂಡತಿ ಇಬ್ಬರೂ ಅಂಗಡಿಯ ಮೆಟ್ಟಿಲಲ್ಲಿ ರೆಡಿಯಾಗಿ ನಿಂತಿದ್ದರು. ಖಾದರಾಕನ ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಏನೋ ಒಂದು ಇತ್ತು. ಏನದು ಎಂದು ನಾನು ಕೇಳಲಿಲ್ಲ.

ಹಾಲ್ ತುಂಬಿತ್ತು. ಕಾರ್ಯಕ್ರಮ ನಡೆಸಿಕೊಡಲು ಬೆಂಗಳೂರಿನಿಂದ ಒಬ್ಬ ನಿರೂಪಕ ಬಂದಿದ್ದ. ರೀಲ್ಸ್ ಮಾಡಿ ಹೆಸರಾದವನಂತೆ. ಲೈಟು ಆರಿತು. ‘ಸೀಟುಂಟು’ ಪೂರ್ತಿ ತೋರಿಸುತ್ತಾರೆಂದು ನಾವು ಅಂದುಕೊಂಡಿದ್ದೆವು. ತೋರಿಸಿದ್ದು ತುಣುಕುಗಳನ್ನು. ಮೊಣಕೈಗೆ ಕೆಂಪು ಬಾಣ. ದನಕ್ಕೆ ಒಂದು, ಎರಡು, ಮೂರು ಎಂದು ನಂಬರು. ಹುಡುಗಿಯ ಮುಚ್ಚಿದ ಬಾಯಿಗೆ ಝೂಮ್.

ಜನ ನಕ್ಕರು. ಮೊದಲಿಗೆ ಖಾದರಾಕ ಕೂಡ ನಕ್ಕರು. ಅವರ ಖುಷಿ ನಾನು ಪಕ್ಕದಿಂದ ನೋಡಿದೆ. ತಾನು ಮಾಡಿದ ಸಿನಿಮಾಕ್ಕೆ ಇಷ್ಟು ಜನ ಒಟ್ಟಿಗೆ ನಗುವುದನ್ನು ಅವರು ಜೀವನದಲ್ಲಿ ಮೊದಲ ಸಲ ಕೇಳುತ್ತಿದ್ದರು. ನಬೀಸಕ್ಕ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿ ನಗುತ್ತಿದ್ದರು. ನಾನಂತೂ ಚಪ್ಪಾಳೆ ತಟ್ಟುತ್ತಿದ್ದೆ.

ಆಮೇಲೆ ಅವರನ್ನು ಸ್ಟೇಜಿಗೆ ಕರೆದರು.

“ಸರ್, ಶೂಟಿಂಗ್ ದಿನ ಬಸ್ಸಿಗೆ ಡೀಸೆಲ್ ಇರ್ಲಿಲ್ವಾ?” ಎಂದು ನಿರೂಪಕ ಕೇಳಿದ.

“ಇಲ್ಲ, ಅದು ಡೀಸೆಲ್ ಅಲ್ಲ...” ಎಂದು ಖಾದರಾಕ ಶುರು ಮಾಡಿದರು. ಅವರ ಕನ್ನಡ ನಿಧಾನ. ಒಂದೊಂದೇ ಪದ ಹೆಕ್ಕಿ ಇಡುತ್ತಾರೆ. ಅಷ್ಟು ತಾಳ್ಮೆ ಯಾರಿಗುಂಟು?

“ಕಂಟಿನ್ಯುಟಿ ಅಂದ್ರೆ ಏನು ಗೊತ್ತಾ ಸರ್? ಲಾಸ್ಟ್ ಶಾಟ್‌ನಲ್ಲಿ ದನಾನೂ ಬೇಜಾರಾಗಿ ಎದ್ದೋಗಿದೆ!”

ಹಾಲ್ ಸ್ಫೋಟಿಸಿತು. ಖಾದರಾಕನ ಮುಖ ಬೆಳಗಿತು. “ಹಾಂ, ಅದೇ! ಅದೇ ನಾನು...” ಎಂದು ಅವರು ಮೈಕಿನ ಕಡೆ ಬಾಗಿದರು.

ಮೈಕು ಆಗಲೇ ನಿರೂಪಕನ ಕಡೆ ಹೋಗಿತ್ತು. “ನೋಡಿ, ಒಪ್ಕೊಂಡ್ರು! ಈಗ ಪ್ರಶಸ್ತಿ ಸಮಯ!”

ಡಬ್ಬಿ ಬಂತು. ‘ಅತಿ ಕೆಟ್ಟ, ಅತಿ ಪ್ರೀತಿಯ ಚಿತ್ರಕ್ಕೆ ಗೋಲ್ಡನ್ ಗುಜರಿ’ ಎಂದು ಕೂಗಿದರು. ಒಬ್ಬ ಬ್ಯಾರಿ ವ್ಯಾಪಾರಿಯ ಕೈಗೆ ‘ಗುಜರಿ’ ಎಂದು ಬರೆದ ಡಬ್ಬಿ. ನಮ್ಮ ಕಡೆ ‘ಗುಜರಿ ಬ್ಯಾರಿ’ ಎಂದು ಆ ಪದವನ್ನು ಅವರ ಜನರ ಮೇಲೆ ಹೇಗೆ ಎಸೆಯುತ್ತಾರೆಂದು ಸಂಘಟಕರಲ್ಲಿ ಒಬ್ಬರಿಗೂ ನೆನಪಾಗಲಿಲ್ಲವೇ? ಅಥವಾ ನೆನಪಾಗಿಯೂ ನಕ್ಕರೇ?

“ಒಂದು ಮಾತು ಹೇಳ್ಬಹುದಾ?” ಎಂದು ಖಾದರಾಕ ಕೇಳಿದ್ದು ಮೊದಲ ಸಾಲಿನಲ್ಲಿದ್ದ ನನಗೆ ಕೇಳಿತು.

“ಟೈಮ್ ಆಯ್ತು ಸರ್. ಸೆಲ್ಫಿ, ಸೆಲ್ಫಿ!”

ವಾಪಸು ಕಾರು ಹತ್ತಿದೆವು. ಪೇಟೆ ದಾಟಿ ಸ್ವಲ್ಪ ದೂರ ಬಂದ ಮೇಲೆ ಹಿಂದಿನ ಸೀಟಿನಿಂದ ನಬೀಸಕ್ಕನ ದನಿ ಬಂತು. ಡಬ್ಬಿ ಅವರ ಮಡಿಲಲ್ಲಿತ್ತು.

“ಇದರಲ್ಲಿ ನಿಮ್ಮ ಹೆಸರು ಉಂಟಲ್ಲ ಡಾಕ್ಟ್ರೆ.”

ಕಾರು ಬದಿಗೆ ಹಾಕಿ ತಿರುಗಿ ನೋಡಿದೆ. ಸ್ಟಿಕ್ಕರಿನಲ್ಲಿ ಚಂದದ ಅಕ್ಷರದಲ್ಲಿ ಬರೆದಿತ್ತು: ‘ತನಗೇ ಗೊತ್ತಿಲ್ಲದೆ ಹುಟ್ಟಿದ ಮಾಸ್ಟರ್‌ಪೀಸ್.’ ಕೆಳಗೆ ನನ್ನ ಹೆಸರು. ಹಿಂದೆ ಡಾಕ್ಟರ್ ಎಂದೂ ಸೇರಿಸಿದ್ದರು.

ಕೈ ಚಾಚಿ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಕೆರೆದೆ.

“ಇವರು ಪುಸ್ತಕ ತಂದಿದ್ರು,” ಎಂದರು ನಬೀಸಕ್ಕ. “ಹೇಗೆ ಮಾಡಿದ್ದು ಅಂತ ಯಾರಾದ್ರೂ ಕೇಳ್ತಾರೆ, ಆಗ ತೋರಿಸುವ ಅಂತ.”

“ಅದೆಲ್ಲ ಈಗ ಯಾಕೆ?” ಎಂದರು ಖಾದರಾಕ.

ದಾರಿ ಬದಿಯ ಹೋಟೆಲೊಂದಕ್ಕೆ ಹೊಕ್ಕೆವು. ಮೂರು ಚಹಾ, ಒಂದು ಪ್ಲೇಟು ಬನ್ಸ್. ನಾನು ಬೇಡಿಕೊಂಡ ಮೇಲೆ ಅವರು ಪ್ಲಾಸ್ಟಿಕ್ ಕವರು ಬಿಚ್ಚಿದರು. ಒಳಗೆ ಶಾಲೆ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್. ಪುಟ ಪುಟಕ್ಕೂ ಬಸ್ಸಿನ ಕಿಟಕಿಯ ಚೌಕ ಎಳೆದು, ಒಳಗೆ ಪೆನ್ಸಿಲಿನಲ್ಲಿ ಚಿತ್ರ. ಪಕ್ಕದಲ್ಲಿ ಗುಂಡು ಗುಂಡಾದ ಕನ್ನಡ ಅಕ್ಷರ.

‘ದನ 1: ಅವನು ದನವನ್ನು ನೋಡುತ್ತಾನೆ. ದನ 4: ಗುರ್ತದವರನ್ನು ನೋಡಿದ ಹಾಗೆ ನಗುತ್ತಾನೆ. ದನ 7: ಈಗ ದನ ಅವನನ್ನು ನೋಡಬೇಕು. ಕಡೆಗೆ: ದನ ಎದ್ದು ಹೋಗಿದೆ. ಅವನು ಮಾತ್ರ ಇದ್ದಾನೆ.’

ನಾನು ಆ ಪುಟವನ್ನು ಎರಡು ಸಲ ಓದಿದೆ. ಮೂರನೆಯ ಸಲ ಸಾಲಿನ ಕೆಳಗೆ ಬೆರಳಿಟ್ಟು ಓದಿದೆ.

“ಬಸ್ಸು...” ಎಂದೆ.

“ಬಸ್ಸು ಹೋಗುವುದೇ ಇಲ್ಲ ಅಲ್ವಾ ಡಾಕ್ಟ್ರೆ,” ಎಂದರು ಖಾದರಾಕ, ಚಿಕ್ಕ ಮಗುವಿಗೆ ವಿವರಿಸುವ ಹಾಗೆ. “ಅವನಿಗೆ ಸೀಟು ಸಿಕ್ಕಿದೆ. ಅಷ್ಟೇ ಅವನಿಗೆ ಬೇಕಾದ್ದು. ಬಸ್ಸು ಎಲ್ಲಿಗೂ ಹೋಗ್ತಾ ಇಲ್ಲ ಅಂತ ಅವನು ನೋಡುವುದೇ ಇಲ್ಲ. ಊರಿನವರಿಗೆ ಗೊತ್ತುಂಟು, ಪಾಪ ಅಂತ ಕೊಂಬೆ ಹಿಡ್ಕೊಂಡು ಓಡಿ ಅವನನ್ನು ನಂಬಿಸ್ತಾರೆ. ಅದಕ್ಕೆ ಕೈ ಕಾಣ್ಬೇಕು. ಕೈ ಕಾಣದಿದ್ರೆ ಕಾಮಿಡಿ ಎಲ್ಲಿ?”

ಗಲ್ಫಿನಲ್ಲಿ ಹನ್ನೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಒಂದು ಗೋಡೌನಿನ ಗೇಟು ಕಾದವರು ಅವರು. ಸೀಟು ಬಿಡದವನ ಕಥೆ ಅಲ್ಲಿ ಹುಟ್ಟಿತ್ತು. ಇದೂ ನನಗೆ ಅವತ್ತೇ ಗೊತ್ತಾದದ್ದು.

“ಮತ್ತೆ ಆ ಹಾಡು?” ಎಂದು ಕೇಳಿದೆ. ಉತ್ತರಕ್ಕೆ ಹೆದರಿಯೇ ಕೇಳಿದೆ.

“ಅದು ನನ್ನ ಐಡಿಯಾ,” ಎಂದರು ನಬೀಸಕ್ಕ. ಬನ್ಸ್ ಮುರಿಯುತ್ತಿದ್ದ ಕೈ ನಿಂತಿತು. “ನನ್ನನ್ನು ನೋಡ್ಲಿಕ್ಕೆ ಬಂದಾಗ ನನ್ನ ಹತ್ರ ಯಾರೂ ಒಂದು ಮಾತು ಕೇಳ್ಲಿಲ್ಲ. ಅಡಿಗೆ ಬರ್ತದಾ ಅಂತ ಕೇಳಿದ್ರು, ಅಣ್ಣ ಹೇಳಿದ ಬರ್ತದೆ ಅಂತ. ಹುಡುಗ ಆಗ್ಬಹುದಾ ಅಂತ ಕೇಳಿದ್ರು, ಅದಕ್ಕೂ ಅಣ್ಣನೇ ಹೇಳಿದ್ದು ಆಗ್ಬಹುದು ಅಂತ. ನಾನು ಇವರಿಗೆ ಹೇಳಿದೆ, ಹಾಡು ಹಾಕುವುದಾದ್ರೆ ಹುಡುಗಿ ಬಾಯಿ ತೆರೀಬಾರದು, ಅವಳ ಹಾಡನ್ನು ಗಂಡಸರೇ ಹಾಡ್ಬೇಕು ಅಂತ.”

“ಹಾಗೆ ಮಾಡಿದ್ರೆ ಜನರಿಗೆ ಅರ್ಥ ಆಗುದಿಲ್ಲ ಅಂತ ನಾನು ಹೇಳಿದ್ದೆ,” ಎಂದರು ಖಾದರಾಕ.

“ಆಗ್ಲಿಲ್ಲ,” ಎಂದರು ನಬೀಸಕ್ಕ.

ಇಪ್ಪತ್ತು ವರ್ಷ! ಇಪ್ಪತ್ತು ವರ್ಷ ನಾನು ಆ ಹಾಡಿಗೆ ನಕ್ಕಿದ್ದೇನೆ. ನಾನೂ ಹೆಂಗಸೇ. ನನಗೂ ಹೆಣ್ಣು ನೋಡುವ ಶಾಸ್ತ್ರ ಆಗಿದೆ. ಆದರೂ ಆ ಮುಚ್ಚಿದ ಬಾಯಿಯಲ್ಲಿ ನನಗೆ ಕಂಡದ್ದು ಟೆಕ್ನಿಕಲ್ ಮಿಸ್ಟೇಕ್!

ಹೋಟೆಲಿನ ಹೊರಗೆ ನಿಂತು ಪ್ರತೀಕನಿಗೆ ಫೋನ್ ಮಾಡಿದೆ. ತಡವರಿಸುತ್ತಲೇ ಬೈದೆ. ಅವನಿಗೆ ನಿಜಕ್ಕೂ ಆಶ್ಚರ್ಯ.

“ಮೇಡಂ, ಅದು ಇನ್ಸಲ್ಟ್ ಅಲ್ಲ. ನಮಗೆ ಆ ಸಿನಿಮಾ ಅಂದ್ರೆ ಜೀವ.”

“ಅದರಲ್ಲಿ ಒಂದೂ ತಪ್ಪಿಲ್ಲ ಪ್ರತೀಕ್. ಎಲ್ಲ ಬೇಕಂತಲೇ ಮಾಡಿದ್ದು. ದನ ಎದ್ದು ಹೋದದ್ದೂ ಸೇರಿ. ನಾನು ಈಗ ಪುಸ್ತಕ ನೋಡಿದೆ.”

ಆ ಕಡೆ ಸಣ್ಣ ನಗು. “ಈಗ ಹಾಗೇ ಹೇಳ್ತಾರೆ ಮೇಡಂ. ಪುಸ್ತಕ ಆಮೇಲೆ ಬರ್ದದ್ದೂ ಆಗಿರ್ಬಹುದಲ್ಲ?”

“ನಾನು ನೋಡಿದ್ದೇನೆ ಅಂತ ಹೇಳ್ತಾ ಇದ್ದೇನಲ್ಲ ಮಾರಾಯ!”

“ಆಯ್ತು, ಇರ್ಲಿ. ಆದ್ರೆ ಬೇಕಂತ ಮಾಡಿದ್ದಾದ್ರೆ ಮಜಾ ಹೋಗ್ತದೆ ಮೇಡಂ.”

ಮಜಾ ಹೋಗುತ್ತದೆ! ಓದುಗರೇ, ನನ್ನ ರಕ್ತ ಕುದಿಯುತ್ತಿರುವುದು ಈ ಒಂದು ವಾಕ್ಯಕ್ಕೆ.

ಯಾವುದೋ ಚಳಿದೇಶದ ನಿರ್ದೇಶಕ ಒಂದು ಖಾಲಿ ಕುರ್ಚಿಯ ಮುಂದೆ ಹತ್ತು ನಿಮಿಷ ಕ್ಯಾಮೆರಾ ಇಡುತ್ತಾನೆ. ನಾವು ಸಬ್‌ಟೈಟಲ್ ಓದುತ್ತ ಉಸಿರು ಬಿಗಿ ಹಿಡಿದು ನೋಡುತ್ತೇವೆ. ಅರ್ಥವಾಗದಿದ್ದರೆ ತಪ್ಪು ನಮ್ಮದು ಎಂದುಕೊಂಡು ಇನ್ನೊಮ್ಮೆ ನೋಡುತ್ತೇವೆ. ದೊಡ್ಡ ಗಾಯಕರು ಮ್ಯೂಸಿಕ್ ವಿಡಿಯೋದಲ್ಲಿ ತುಟಿ ಅಲ್ಲಾಡಿಸದೆ ನಿಂತರೆ ಅದು ಸ್ಟೈಲ್. ವಾಮದಪದವಿನ ಚಪ್ಪಲಿ ಅಂಗಡಿಯವರು ಬಸ್ಸು ನಿಲ್ಲಿಸಿದರೆ? ಡೀಸೆಲ್ ಇರಲಿಲ್ಲ! ಅವರ ಹೆಂಡತಿ ಒಂದು ಹಾಡಿನಲ್ಲಿ ತನ್ನ ಇಡೀ ಕಥೆ ಹೇಳಿದರೆ? ಲಿಪ್ ಸಿಂಕ್ ಬರಲಿಲ್ಲ!

ನಗಿಸಿದ್ದು ಅವರು. ಕ್ರೆಡಿಟ್ ಮಾತ್ರ ಆಕಸ್ಮಿಕಕ್ಕೆ.

ಕಲ್ಟ್ ಸಿನಿಮಾದ ಅಭಿಮಾನಿಗಳು ನಾವು, ಬೇರೆಯವರಿಗೆ ಕಾಣದ್ದು ನಮಗೆ ಕಾಣುತ್ತದೆ ಎಂದು ನಮಗೊಂದು ಜಂಬ. ನಮಗೆ ಏನು ಕಂಡಿತು, ಹೇಳಿ? ಮೊಣಕೈ. ಮೂವತ್ತು ಸಲ ನೋಡಿದ್ದೇನೆ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆ. ಮೂವತ್ತು ಸಲವೂ ಕಣ್ಣು ಬಿಟ್ಟು, ತಲೆ ಮುಚ್ಚಿ ನೋಡಿದ್ದೇನೆ. ಪ್ರತೀಕನಿಗೆ ಬೈಯುವಾಗ ನನ್ನ ನಾಲಗೆ ತಡವರಿಸಿದ್ದು ಇದಕ್ಕೇ. ಅವನು ಹೇಳಿದ ಮಾತು ನಾನೇ ಅಚ್ಚು ಹಾಕಿಸಿ ಕೊಟ್ಟದ್ದು.

ಮರುದಿನ ಸ್ಟೇಜಿನ ಕ್ಲಿಪ್ ಎಲ್ಲರ ಮೊಬೈಲಿಗೆ ಬಂತು. ಶೀರ್ಷಿಕೆ ‘ಪಾಪದ ಅಂಕಲ್’. ಕೆಳಗೆ ಸಾಲು ಸಾಲು ನಗುವ ಮುಖಗಳು. ನಾನು ಕ್ಲಬ್ಬಿಗೆ ಬರೆದೆ: ಕ್ಲಿಪ್ ತೆಗೆಯಿರಿ, ಸಿನಿಮಾ ಪೂರ್ತಿ ತೋರಿಸಿ, ಅವರನ್ನು ಮಾತಾಡಲು ಬಿಡಿ, ಕ್ಷಮೆ ಕೇಳಿ. ಎರಡು ದಿನ ಬಿಟ್ಟು ಉತ್ತರ ಬಂತು. ‘ನಿಮಗೆ ಬೇಸರವಾದದ್ದಕ್ಕೆ ಸಾರಿ. ಕಾರ್ಯಕ್ರಮದ ಪೋಸ್ಟರಿನಿಂದ ನಿಮ್ಮ ಹೆಸರು ತೆಗೆದಿದ್ದೇವೆ.’ ನನ್ನ ಹೆಸರು ಹೋಯಿತು. ಕ್ಲಿಪ್ ಅಲ್ಲೇ ಇದೆ.

ಗುರುವಾರ ಕ್ಲಿನಿಕ್ಕಿಗೆ ಬೀಗ ಹಾಕಿ ವಾಮದಪದವಿಗೆ ಹೋದೆ. ಅಂಗಡಿಯಲ್ಲಿ ಖಾದರಾಕ ಒಬ್ಬ ಹೆಂಗಸಿಗೆ ಚಪ್ಪಲಿ ತೊಡಿಸಿ ನೋಡುತ್ತಿದ್ದರು. ಆ ಹೆಂಗಸು ಹೋಗುವವರೆಗೆ ಕಾದೆ. ಆಮೇಲೆ ಕ್ಷಮೆ ಕೇಳಿದೆ. ಅಂಕಣದಲ್ಲಿ ಬರೆದದ್ದಕ್ಕೆ, ಪಾರ್ಟಿಗಳಲ್ಲಿ ನಕ್ಕದ್ದಕ್ಕೆ, ಮೂರು ವರ್ಷ ಏನೂ ಕೇಳದೇ ಇದ್ದದ್ದಕ್ಕೆ.

“ಎಷ್ಟು ಸಲ ನೋಡಿದ್ದೀರಿ ಅಂತ ಹೇಳಿದ್ದು ನೀವು? ಮೂವತ್ತಾ?” ಎಂದು ಕೇಳಿದರು.

“ಹೌದು.”

“ಮೂವತ್ತು ಸಲ ನೋಡಿಯೂ ಗೊತ್ತಾಗ್ಲಿಲ್ವಾ?” ಎಂದು ಅವರು ಜೋರಾಗಿ ನಕ್ಕರು. ಆ ನಗು ನನಗೆ ಬೇಕಿತ್ತು. ಸರಿಯಾದ ಜಾಗಕ್ಕೆ ಬಿತ್ತು.

ಒಳಗಿನಿಂದ ನಬೀಸಕ್ಕ ಚಹಾ ತಂದರು. ಲೋಟ ಇಡುತ್ತ, ಗಂಡನಿಗೆ ಕೇಳುವಂತೆಯೇ, ನನ್ನಲ್ಲಿ ಹೇಳಿದರು: “ಇನ್ನೊಂದು ಕಥೆ ಬರೆದು ಮುಗಿಸಿದ್ದಾರೆ ಡಾಕ್ಟ್ರೆ. ಬೆಳ್ತಂಗಡಿಯಲ್ಲಿ ಒಬ್ಬರ ಕ್ಯಾಮೆರಾ ಕೂಡ ಕೇಳಿ ಇಟ್ಟಿದ್ರು. ಸೋಮವಾರ ಫೋನ್ ಮಾಡಿ ಬೇಡ ಅಂತ ಹೇಳಿಯಾಯ್ತು.”

“ಯಾಕೆ ಖಾದರಾಕ?” ಎಂದೆ. “ಮಾಡಿ. ನಾನಿದ್ದೇನೆ. ಯಾರು ಏನು ಬೇಕಾದ್ರೂ ಹೇಳ್ಲಿ.”

ಅವರು ಚಪ್ಪಲಿಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸಿದರು.

“ಇನ್ನು ನಾನು ಏನು ಮಾಡಿದ್ರೂ ಅವರು ತಪ್ಪು ಎಲ್ಲುಂಟು ಅಂತಲೇ ಹುಡುಕ್ತಾರೆ,” ಎಂದರು. “ಹಾಗೆ ನೋಡುವವರಿಗೆ ಜೋಕ್ ಹೇಳ್ಲಿಕ್ಕೆ ಆಗುವುದಿಲ್ಲ ಡಾಕ್ಟ್ರೆ.”

ಒಬ್ಬ ನಿರ್ದೇಶಕನ ಬಾಯಿ ಮುಚ್ಚಿಸಲು ಬೇರೆ ಕಡೆ ಸೆನ್ಸಾರು ಬೇಕು, ಕೋರ್ಟು ಬೇಕು. ನಮಗೆ ಒಂದು ಭಾನುವಾರದ ಚಪ್ಪಾಳೆ ಸಾಕಾಯಿತಲ್ಲ?